ಸೆಲ್ಫ್ ‘ಟಕ್’ ಅನ್ನುತ್ತೆ, ಟ್ರ್ಯಾಕ್ಟರ್ ಸ್ಟಾರ್ಟ್ ಆಗಲ್ಲ: ಮೊದಲು ಏನು ನೋಡಬೇಕು?

ಸಂತೆಬಾಚಹಳ್ಳಿಯಲ್ಲಿ ಮಳೆ ಬಿದ್ದ ಮಾರನೇ ದಿನ, ಹದ ಆರುವ ಮೊದಲು ರಾಗಿ ಹೊಲ ಉಳಬೇಕು ಅಂತ ಮಿನಿ ಟ್ರ್ಯಾಕ್ಟರ್ ಕೀ ತಿರುಗಿಸಿದೆ. ಬರೀ ‘ಟಕ್’ ಅಂದು ಸುಮ್ಮನಾಯ್ತು. ಸೆಲ್ಫ್ ಮೋಟಾರೇ ಹೋಯ್ತು ಅಂದುಕೊಂಡೆ. ಬಿಚ್ಚಿಸುವ ಮೊದಲು ಹೀಗೆ ನೋಡಿದೆ.

ಗೇರ್ ನ್ಯೂಟ್ರಲ್ ಮಾಡಿ, ಪಿಟಿಒ ಬಿಡಿಸಿ, ಬ್ರೇಕ್ ಹಾಕಿದೆ. ಬ್ಯಾಟರಿಗೆ ಮಲ್ಟಿಮೀಟರ್ ಇಟ್ಟರೆ 12.6 ವೋಲ್ಟ್, ಚಾರ್ಜ್ ತುಂಬಿದೆ ಅಂತ ಅರ್ಥ. 12.2ಕ್ಕಿಂತ ಕಡಿಮೆ ಇದ್ದರೆ ಮೊದಲು ಚಾರ್ಜ್ ಮಾಡಿಸಿ. ಬಿಡದೆ ‘ಟಕ್ ಟಕ್ ಟಕ್’ ಅಂತ ಬಡಿದರೆ ಸಾಮಾನ್ಯವಾಗಿ ಬ್ಯಾಟರಿ ಇಳಿದಿರುತ್ತದೆ.

ಬ್ಯಾಟರಿ ಸರಿಯಿದ್ದೂ ಒಂದೇ ‘ಟಕ್’ ಬಂದರೆ ತಂತಿ ನೋಡಿ. ನಮ್ಮದರಲ್ಲಿ ಮೈನಸ್ ತಂತಿ ಚಾಸಿಗೆ ಸೇರುವ ಬೋಲ್ಟಿನ ಅಡಿ ತುಕ್ಕು ಹಿಡಿದಿತ್ತು. ಕೀ ತೆಗೆದು, ಬ್ಯಾಟರಿಯಿಂದ ಮೈನಸ್ ಮೊದಲು ಬಿಚ್ಚಿ, ಆ ಜಾಗವನ್ನು ಎಮರಿ ಪೇಪರ್‌ನಲ್ಲಿ ಹೊಳೆಯುವಂತೆ ಉಜ್ಜಿ ಬಿಗಿದೆ. ಬ್ಯಾಟರಿಗೆ ಮೈನಸ್ ಕೊನೆಗೆ ಹಾಕಿದೆ. ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತು. ಇಷ್ಟಕ್ಕೂ ಆಗದಿದ್ದರೆ ಸೊಲೆನಾಯ್ಡ್, ಸೆಲ್ಫ್ ಮೋಟಾರನ್ನು ಮೆಕ್ಯಾನಿಕ್‌ಗೆ ತೋರಿಸಿ.

ಆತುರಕ್ಕೆ ಬಿದ್ದು, ಚಕ್ರದ ಪಕ್ಕ ನಿಂತು ಸೆಲ್ಫಿಗೆ ಸ್ಕ್ರೂಡ್ರೈವರ್ ಮಾತ್ರ ಕೊಡಬೇಡಿ. ಗೇರಿನಲ್ಲಿದ್ದರೆ ಗಾಡಿ ನಿಮ್ಮ ಮೇಲೇ ಹರಿಯುತ್ತೆ. ಹದ ಹೋದರೆ ಇನ್ನೊಂದು ಮಳೆ ಬಂದೀತು.