ಮೊದಲ ಬೇಸಿನ ಕಾವಲು

ಬೇಸ್‌ಬಾಲಿನಲ್ಲಿ ಮೊದಲ ಬೇಸನ್ನು ಕಾಯುವವರ ಕೆಲಸ ಹೊರನೋಟಕ್ಕೆ ಸುಲಭ: ಒಂದು ಪಾದವನ್ನು ಬೇಸಿಗೆ ತಾಗಿಸಿಟ್ಟು, ಜೊತೆಗಾರರು ಎಸೆದ ಚೆಂಡನ್ನು ಹಿಡಿಯುವುದು. ಆದರೆ ಅದೇ ಬೇಸಿನತ್ತ ಓಡಿಬರುವ ಎದುರಾಳಿಯ ಬೂಟಿನಡಿ ಮೊಳೆಗಳಿರುತ್ತವೆ ಎಂಬುದನ್ನು ಶ್ರೋತೃಗಳು ಮರೆಯಬಾರದು.

1947ರ ಏಪ್ರಿಲ್ 15ರಂದು ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಜಾಕಿ ರಾಬಿನ್ಸನ್ ಅಲ್ಲಿ ನಿಂತಾಗ, ಅರುವತ್ತು ವರ್ಷಗಳಿಗೂ ಮಿಕ್ಕು ಕಪ್ಪು ಜನಾಂಗದವರಿಗೆ ಮುಚ್ಚಿದ್ದ ಅಮೆರಿಕದ ಮೇಜರ್ ಲೀಗಿನ ಬಾಗಿಲು ತೆರೆಯಿತು. ಬೈಗುಳ ಬಂದವು, ಮೊಳೆಗಳೂ ಬಂದವು. ಎದುರಾಡಕೂಡದೆಂದು ತಂಡದ ಮುಖ್ಯಸ್ಥ ಬ್ರಾಂಚ್ ರಿಕಿ 1945ರಲ್ಲಿಯೇ ಮಾತು ಪಡೆದಿದ್ದರು. ಆ ಮೌನವನ್ನು ಸಹನೆಯೆಂದು ಹೊಗಳುವವರುಂಟು. ನನಗೆ ಅದು ಹೇರಿದ ಹೊರೆಯಾಗಿಯೇ ತೋರುತ್ತದೆ.

1948ರಲ್ಲಿ ಅವರು ಎರಡನೆಯ ಬೇಸಿಗೆ ಬಂದರು. 1949ರ ಹೊತ್ತಿಗೆ ಬಾಯಿಗೆ ಹಾಕಿದ್ದ ಬೀಗವೂ ಸಡಿಲಿತ್ತು. ಆ ವರ್ಷ .342ರ ಸರಾಸರಿಯಲ್ಲಿ ಹೊಡೆದು, 37 ಬೇಸುಗಳನ್ನು ‘ಕದ್ದು’—ಇದು ಆಟದ ಪರಿಭಾಷೆಯೇ—ನ್ಯಾಷನಲ್ ಲೀಗಿನ ಅತ್ಯುತ್ತಮ ಆಟಗಾರರೆನಿಸಿದರು.