ಬೀರುವಿನೊಳಗಿದ್ದ ರೋಬೋ ಹೊರಗೆ ಬಂತು!

ಮಂಡ್ಯ: ಸರ್ಕಾರಿ ಶಾಲೆಯ ಬೀರು ಎಂದರೆ ಏನೆಂದು ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಒಮ್ಮೆ ಒಳಗೆ ಹೋದ ಸಾಮಾನು ಇನ್ಸ್‌ಪೆಕ್ಷನ್ ದಿನ ಮಾತ್ರ ಹೊರಗೆ ಬರುತ್ತದೆ. ಧೂಳು ಒರೆಸಿಸಿಕೊಂಡು ಮೇಜಿನ ಮೇಲೆ ಕೂರುತ್ತದೆ. ಸಾಹೇಬರ ಜೀಪು ಗೇಟು ದಾಟಿದ ಮೇಲೆ ಮತ್ತೆ ಒಳಗೆ. ಮೈಕ್ರೋಸ್ಕೋಪಿನ ಗತಿಯೂ ಇದೇ, ಗ್ಲೋಬಿನ ಗತಿಯೂ ಇದೇ. ಈಗ ರೋಬೋ ಸರದಿ.

ಮಂಡ್ಯ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ. ಹೆಸರು ಬೇಡ, ಯಾಕೆಂದರೆ ಈ ಕಥೆ ಇನ್ನೂ ಹತ್ತಾರು ಶಾಲೆಗಳದ್ದೂ ಹೌದು. ಅಲ್ಲಿಗೆ ಅಟಲ್ ಟಿಂಕರಿಂಗ್ ಲ್ಯಾಬ್ ಬಂದು ವರ್ಷಗಳಾಗಿವೆ. ನೀತಿ ಆಯೋಗದ ಅಟಲ್ ಇನ್ನೋವೇಷನ್ ಮಿಷನ್ 2016ರಲ್ಲಿ ಶುರು ಮಾಡಿದ ಯೋಜನೆ ಇದು. 6ರಿಂದ 12ನೇ ತರಗತಿಯ ಮಕ್ಕಳು ಕೈಯಾರೆ ಏನಾದರೂ ಮಾಡಿ ಕಲಿಯಲಿ ಎಂದು ಒಂದು ಶಾಲೆಗೆ 20 ಲಕ್ಷ ರೂಪಾಯಿವರೆಗೆ ಕೊಡುತ್ತಾರೆ. 10 ಲಕ್ಷ ಲ್ಯಾಬ್ ಕಟ್ಟುವುದಕ್ಕೆ, ಮಿಕ್ಕ 10 ಲಕ್ಷ ಐದು ವರ್ಷ ಅದನ್ನು ನಡೆಸಿಕೊಂಡು ಹೋಗುವುದಕ್ಕೆ. 2025ರ ಬಜೆಟ್ಟಿನಲ್ಲಿ ಸರ್ಕಾರಿ ಶಾಲೆಗಳಿಗೆ ಐದು ವರ್ಷದಲ್ಲಿ ಇನ್ನೂ 50,000 ಲ್ಯಾಬ್ ಎಂದು ಘೋಷಿಸಿದರು. ದುಡ್ಡಿನ ಮಾತು ಇಷ್ಟು ಸಾಕು. ಬೀಗದ ಕೈ ಯಾರ ಹತ್ತಿರ ಇರಬೇಕೆಂದು ಯಾವ ಬಜೆಟ್ಟೂ ಹೇಳುವುದಿಲ್ಲವಲ್ಲ!

ಕಳೆದ ವರ್ಷ ಈ ಶಾಲೆಗೆ ವರ್ಗವಾಗಿ ಬಂದ ವಿಜ್ಞಾನದ ಮೇಡಂ ಬೀಗದ ಕೈ ಕೇಳಿದರು. ಹೆಡ್‌ಮಾಸ್ತರರು ಕೊಟ್ಟರು, ಕೊಡುವಾಗ ಸ್ಟಾಕ್ ರಿಜಿಸ್ಟರನ್ನೂ ಜೊತೆಗೇ ಕೊಟ್ಟರು. "ನೋಡಮ್ಮಾ, ಒಂದು ಸ್ಕ್ರೂ ಕಮ್ಮಿಯಾದರೂ ಆಡಿಟ್‌ನೋರು ನನ್ನ ಪೆನ್ಷನ್ನಿಗೇ ಕೈ ಹಾಕ್ತಾರೆ" ಎಂದರು. ಅವರಿಗೆ ನಿವೃತ್ತಿ ಹತ್ತಿರ. ಅವರ ಭಯವನ್ನು ನಗುವ ಹಾಗಿಲ್ಲ.

ಮೇಡಂ ಮೊದಲ ದಿನ ಬೀರು ತೆಗೆಯಲೇ ಇಲ್ಲ. ಒಂಬತ್ತನೇ ಕ್ಲಾಸಿನ ಮಕ್ಕಳನ್ನು ಅಂಗಳಕ್ಕೆ ಕರೆತಂದು, ಸುಣ್ಣದಲ್ಲಿ ಹಾವಿನಂತೆ ಒಂದು ಗೆರೆ ಎಳೆಸಿದರು. ಒಬ್ಬ ಹುಡುಗನ ಕಣ್ಣಿಗೆ ಬಟ್ಟೆ ಕಟ್ಟಿ, ಗೆರೆ ಎರಡು ಕಾಲಿನ ನಡುವೆ ಬರುವಂತೆ ನಿಲ್ಲಿಸಿದರು. ಎಡಕ್ಕೊಬ್ಬ, ಬಲಕ್ಕೊಬ್ಬ ಹುಡುಗ. ಎಡಗಾಲು ಗೆರೆ ತುಳಿದರೆ ಎಡಗಡೆಯವನು ಭುಜ ತಟ್ಟಬೇಕು. ತಟ್ಟಿದರೆ ಎಡಗಾಲು ನಿಲ್ಲಬೇಕು, ಬಲಗಾಲು ಮಾತ್ರ ಮುಂದೆ. ಬಲಗಡೆಗೂ ಹಾಗೆಯೇ. ಬಾಯಿಬಿಟ್ಟು ಯಾರೂ ದಾರಿ ಹೇಳಕೂಡದು.

ಹುಡುಗ ಮೊದಲು ಎರಡು ಸಲ ಮುಗ್ಗರಿಸಿದ. ಮೂರನೇ ಸಲ ಗೆರೆ ಬಿಡದೆ ಧ್ವಜಕಂಬದವರೆಗೆ ಹೋಗಿ ಮುಟ್ಟಿದ. "ನೀನೇ ರೋಬೋ ಕಣೋ" ಎಂದರು ಮೇಡಂ. ತಟ್ಟಿದ ಇಬ್ಬರು ಸೆನ್ಸರ್, ಎರಡು ಕಾಲು ಎರಡು ಮೋಟಾರ್, ತಲೆಯಲ್ಲಿದ್ದ ನಿಯಮ ಪ್ರೋಗ್ರಾಂ. ಪಾಠ ಇಷ್ಟೇ.

ಆಗ ಹಿಂದೆ ನಿಂತಿದ್ದ ಒಬ್ಬ ಕೇಳಿದ: "ಹಂಗಾರೆ ನಮ್ಮಪ್ಪನ ಎತ್ತುಗಳೂ ರೋಬೋನೇ ಅಲ್ವಾ ಮಿಸ್? ಗಾಡೀಲಿ ಅಪ್ಪ ಮಲೀಕೊಂಡ್ರೂ ಸೀದಾ ಮನೆಗೇ ಬತ್ತವೆ."

ನಗಲಿಲ್ಲ ಮೇಡಂ. ಎತ್ತು ದಾರಿಯನ್ನು ತಾನೇ ಕಲಿತುಕೊಂಡಿದೆ, ನಾವು ಮಾಡುವ ಯಂತ್ರಕ್ಕೆ ನಾವು ಬರೆದು ಕೊಟ್ಟಷ್ಟೇ ಗೊತ್ತು ಎಂದರು. ಆದರೆ ಇಬ್ಬರಿಗೂ ಹೊರಗಿನವರು ಲಗಾಮು ಜಗ್ಗಬೇಕಿಲ್ಲ. ಸ್ವಯಂಚಾಲಿತ ಎನ್ನುವುದು ಅದಕ್ಕೇ.

ಇಲ್ಲೊಂದು ಮಾತು ಹೇಳಿಬಿಡಬೇಕು. ಪಟ್ಟಣದ ಕೆಲವು ಶಾಲೆಗಳ ವಾರ್ಷಿಕೋತ್ಸವದಲ್ಲಿ ರಿಮೋಟ್ ಒತ್ತಿ ಓಡಿಸಿ, 'ನಮ್ಮ ಮಕ್ಕಳು ರೋಬೋ ಮಾಡಿದ್ದಾರೆ' ಎಂದು ಮೈಕಿನಲ್ಲಿ ಕೂಗುತ್ತಾರೆ. ಅದು ಜಾತ್ರೆಯಲ್ಲಿ ಸಿಗುವ ಆಟದ ಕಾರು, ಸ್ವಾಮಿ! ಬುದ್ಧಿಯೆಲ್ಲ ಬಟನ್ ಒತ್ತುವ ಬೆರಳಿನದು. 1948-49ರಲ್ಲೇ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಗ್ರೇ ವಾಲ್ಟರ್ ಎಂಬ ವಿಜ್ಞಾನಿ ಎಲ್ಮರ್, ಎಲ್ಸಿ ಎಂಬ ಎರಡು ಯಂತ್ರದ ಆಮೆ ಮಾಡಿದ್ದರು. ಒಂದೊಂದರ ಮಿದುಳು ಎಂದರೆ ರೇಡಿಯೋದಲ್ಲಿರುತ್ತಿದ್ದಂಥ ಎರಡು ವಾಲ್ವು, ಅಷ್ಟೆ. ಬೆಳಕು ಕಂಡ ಕಡೆ ತಾವೇ ಹೋಗುತ್ತಿದ್ದವು, ಏನಾದರೂ ತಾಗಿದರೆ ತಾವೇ ಸುತ್ತಿಕೊಂಡು ಹೋಗುತ್ತಿದ್ದವು. ರಿಮೋಟ್ ಇರಲಿಲ್ಲ.

ಎರಡನೇ ವಾರ ಬೀರು ತೆರೆಯಿತು. ನಾಲ್ಕು ಗುಂಪು, ಗುಂಪಿಗೆ ಒಂದು ರೋಬೋ. ಎರಡು ಹಳದಿ ಮೋಟಾರ್, ಎರಡು ಚಕ್ರ, ಮುಂದಕ್ಕೊಂದು ಉರುಳುಗಾಲಿ, ಆರ್ಡುಯಿನೋ ಎಂಬ ಅಂಗೈಯಗಲದ ಬೋರ್ಡು, ಮೋಟಾರ್ ಓಡಿಸಲು ಇನ್ನೊಂದು ಪುಟ್ಟ ಬೋರ್ಡು, ಹೊಟ್ಟೆಯಡಿಗೆ ಎರಡು ಇನ್‌ಫ್ರಾರೆಡ್ ಸೆನ್ಸರ್. ಸೆನ್ಸರ್ ಕಣ್ಣಿಗೆ ಕಾಣದ ಬೆಳಕು ಬಿಡುತ್ತದೆ. ಬಿಳಿ ಅದನ್ನು ವಾಪಸ್ ಕಳಿಸುತ್ತದೆ, ಕಪ್ಪು ನುಂಗಿಕೊಳ್ಳುತ್ತದೆ. ಅಲ್ಲಿಗೆ ಕಪ್ಪು ಟೇಪಿನ ದಾರಿ ಸಿಕ್ಕಿತು. ಆದರೆ ಶಾಲೆಯ ನೆಲ ಬಿಳಿಯಲ್ಲವಲ್ಲ? ಮಕ್ಕಳು ಊರ ಬಾಗಿಲಲ್ಲಿ ಬಿದ್ದಿದ್ದ, ಯಾರೋ ಮುಖಂಡರ ಹುಟ್ಟುಹಬ್ಬದ ಫ್ಲೆಕ್ಸು ಎತ್ತಿಕೊಂಡು ಬಂದರು. ಮುಖಂಡರ ಮುಖ ನೆಲಕ್ಕೆ, ಬಿಳಿ ಬೆನ್ನು ಮೇಲಕ್ಕೆ. ಅದರ ಮೇಲೆ ಎಲೆಕ್ಟ್ರಿಷಿಯನ್ನರ ಕಪ್ಪು ಟೇಪು. ಮುಖಂಡರು ಊರಿಗೆ ಇಷ್ಟು ಉಪಯೋಗಕ್ಕೆ ಬಂದದ್ದು ಇದೇ ಮೊದಲಿರಬೇಕು.

ಮೊದಲ ದಿನ ನಾಲ್ಕೂ ಕೆಟ್ಟವು. ಒಂದು ನಿಂತಲ್ಲೇ ಬುಗುರಿ ತಿರುಗಿತು: ಒಂದು ಮೋಟಾರಿನ ವೈರು ಉಲ್ಟಾ. ಇನ್ನೊಂದು ಹೊರಡುವುದು, ಸಾಯುವುದು, ಮತ್ತೆ ಹೊರಡುವುದು: ಮೋಟಾರುಗಳು ಎಳೆಯುವ ಕರೆಂಟನ್ನು 9 ವೋಲ್ಟಿನ ಚಿಕ್ಕ ಬ್ಯಾಟರಿ ಕೊಡಲಾರದು. ಮೂರನೆಯದು ಬಿಲ್ಕುಲ್ ಅಲುಗಲಿಲ್ಲ.

ನಾಲ್ಕನೆಯದರಲ್ಲಿ ಹೊಗೆ ಎದ್ದಿತು.

ಬ್ಯಾಟರಿ ಜೋಡಿಸಿದವಳು ಒಬ್ಬ ಹುಡುಗಿ. ಪ್ಲಸ್ಸು ಮೈನಸ್ಸು ಅದಲು ಬದಲಾಗಿ ಮೋಟಾರ್ ಬೋರ್ಡು ಸುಟ್ಟುಹೋಯಿತು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅದರ ಬೆಲೆ ಒಂದು ಕೇಜಿ ಮೈಸೂರುಪಾಕಿಗಿಂತ ಕಡಿಮೆ. ಆದರೆ ಹುಡುಗಿಗೆ ಅದು ಗೊತ್ತಿಲ್ಲ. ಅವಳಿಗೆ ಗೊತ್ತಿದ್ದದ್ದು ಸ್ಟಾಕ್ ರಿಜಿಸ್ಟರ್ ಮಾತ್ರ. ಮಾರನೇ ದಿನ ಸ್ಕೂಲಿಗೆ ಬರಲಿಲ್ಲ. ಅದರ ಮಾರನೇ ದಿನವೂ ಇಲ್ಲ.

ಮೂರನೇ ದಿನ ಸಾಯಂಕಾಲ ಮೇಡಂ ಅವಳ ಮನೆ ಹುಡುಕಿಕೊಂಡು ಹೋದರು. ತಂದೆ ಕಬ್ಬು ಕಡಿಯಲು ಹೋಗಿದ್ದರು. ತಾಯಿ ಚಾಪೆ ಹಾಸಿ, ನೀರು ಕೊಟ್ಟು, ಮೇಡಂ ಬಾಯಿ ಬಿಡುವುದಕ್ಕೆ ಮುಂಚೆಯೇ ಹೇಳಿದರು: "ಎಷ್ಟು ಕಟ್ಬೇಕು ಹೇಳ್ಬುಡಿ ಮೇಡಮ್ಮಾರೆ. ಆಲೆಮನೆ ದುಡ್ಡು ಬಂದೇಟ್ಗೆ ತಂದ್ಕೊಡ್ತೀವಿ. ಮಗೀನ ಬಯ್ಬೇಡಿ."

ಒಂದು ಪೈಸೆಯೂ ಕಟ್ಟಬೇಕಿಲ್ಲ ಎಂದು ನಂಬಿಸುವುದಕ್ಕೆ ಅರ್ಧ ಗಂಟೆ ಹಿಡಿಯಿತು. ಸರ್ಕಾರ ಲಕ್ಷಗಟ್ಟಲೆ ಸುರಿದು ಸಾಮಾನು ಕೊಟ್ಟಿದ್ದು ಮಕ್ಕಳು ಬಳಸಲಿ ಎಂದು. ಬಳಸಿದರೆ ಸುಡುತ್ತದೆ, ಮುರಿಯುತ್ತದೆ. ಅದನ್ನು ಕಳ್ಳತನದ ಕಾಲಂನಲ್ಲಿ ಬರೆಯುವ ಪದ್ಧತಿ ಇರುವತನಕ ಯಾವ ಮೇಷ್ಟ್ರು ಬೀರು ತೆಗೆದಾರು? ಇದನ್ನು ಕೇಳಬೇಕಾದ ಆಫೀಸು ಮಂಡ್ಯದಲ್ಲೇ ಇದೆ.

ಹುಡುಗಿ ವಾಪಸ್ ಬಂದಳು. ಬಂದವಳು ಸುಮ್ಮನೆ ಕೂರಲಿಲ್ಲ. ಅಷ್ಟರಲ್ಲಿ ಉಳಿದ ಮೂರು ರೋಬೋ ಕ್ಲಾಸಿನೊಳಗೆ ನೀಟಾಗಿ ಓಡುತ್ತಿದ್ದವು, ಜಗುಲಿಗೆ ತಂದರೆ ಮಾತ್ರ ಹುಚ್ಚು ಹಿಡಿದಂತೆ ಗೆರೆ ಬಿಟ್ಟು ಹೋಗುತ್ತಿದ್ದವು. ಹುಡುಗರು ಪ್ರೋಗ್ರಾಂ ತಿದ್ದಿ ತಿದ್ದಿ ಸುಸ್ತಾಗಿದ್ದರು. ಇವಳು ಎರಡು ದಿನ ನೋಡಿದಳು. ಬೆಳಿಗ್ಗೆ ಬಿಸಿಲು ಬೀಳುವ ಕಡೆ ಕೆಡುತ್ತದೆ, ಮಧ್ಯಾಹ್ನ ನೆರಳಾದ ಮೇಲೆ ಅದೇ ಜಾಗದಲ್ಲಿ ಸರಿಯಾಗಿ ಓಡುತ್ತದೆ! ಬಿಸಿಲಿನಲ್ಲೂ ಇನ್‌ಫ್ರಾರೆಡ್ ಇದೆಯಲ್ಲ, ಸೆನ್ಸರಿಗೆ ಅದು ತನ್ನದೋ ಸೂರ್ಯನದೋ ತಿಳಿಯದು. ಹವಾಯಿ ಚಪ್ಪಲಿಯ ರಟ್ಟಿನ ಡಬ್ಬ ಕತ್ತರಿಸಿ ರೋಬೋ ಸುತ್ತ ಲಂಗದ ಹಾಗೆ ಕಟ್ಟಿದಳು. ಗೆರೆ ಬಿಡದೆ ಜಗುಲಿಯ ಕೊನೆ ಮುಟ್ಟಿತು.

ಈಗ ಎದುರಿಗೆ ಅಲ್ಟ್ರಾಸಾನಿಕ್ ಸೆನ್ಸರನ್ನೂ ಕೂರಿಸಿದ್ದಾರೆ. ಬಾವಲಿಯ ಉಪಾಯ ಅದು: ಕಿವಿಗೆ ಕೇಳದ ಶಬ್ದ ಕಳಿಸಿ, ಪ್ರತಿಧ್ವನಿ ಎಷ್ಟು ಹೊತ್ತಿಗೆ ಬಂತೆಂದು ಎಣಿಸುವುದು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಹೋಗಿ ಬರಲು ಸೆಕೆಂಡಿನ ಸಾವಿರದ 2 ಭಾಗ ಹಿಡಿದರೆ ಅಡ್ಡ ಇರುವುದು 34 ಸೆಂಟಿಮೀಟರ್ ದೂರದಲ್ಲಿ. ಈ ಲೆಕ್ಕವನ್ನು ಬೋರ್ಡಿನ ಮೇಲೆ ಮಾಡಿದವನು ಎತ್ತಿನ ಗಾಡಿಯ ಹುಡುಗ. ಗಣಿತದಲ್ಲಿ ಅವನು ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಫೇಲು.

ಕಳೆದ ಶನಿವಾರ ಜಗುಲಿಯಲ್ಲಿ ರೋಬೋ ಬರುತ್ತಿದ್ದಾಗ ಹೆಡ್‌ಮಾಸ್ತರರು ಆಫೀಸು ರೂಮಿನಿಂದ ಹೊರಗೆ ಕಾಲಿಟ್ಟರು. ರೋಬೋ ಅವರ ಬೂಟಿನಿಂದ ಒಂದು ಗೇಣು ದೂರದಲ್ಲಿ ಗಕ್ಕನೆ ನಿಂತಿತು. ಅವರೂ ನಿಂತರು. ಮಕ್ಕಳೆಲ್ಲ ಉಸಿರು ಹಿಡಿದುಕೊಂಡರು. ಒಂದು ಗಳಿಗೆ ನೋಡಿ ಹೆಡ್‌ಮಾಸ್ತರರು ಪಕ್ಕಕ್ಕೆ ಸರಿದರು, ರೋಬೋ ತನ್ನ ಪಾಡಿಗೆ ಮುಂದೆ ಹೋಯಿತು.

ರಿಜಿಸ್ಟರಿನಲ್ಲಿ ಮೇಡಂ 'ಮೋಟಾರ್ ಬೋರ್ಡು 1, ಕಲಿಯುವಾಗ ಸುಟ್ಟಿದೆ' ಎಂದು ಬರೆದಿಟ್ಟಿದ್ದಾರೆ. ಎದುರಿನ ಕಾಲಂನಲ್ಲಿ ಹೆಡ್‌ಮಾಸ್ತರರ ರುಜು ಇನ್ನೂ ಬಿದ್ದಿಲ್ಲ.