ಮರಗೆಲಸಕ್ಕೆ ಯಂತ್ರ ಬಂತು, ಬೆಣೆ ಮರೆತುಹೋಯಿತು

ನಮ್ಮದು ಬಜಗೋಳಿಯ ಗುಡ್ಡೆ ಜಾಗ. ತೋಟ ಮಾಡುವಷ್ಟು ನೀರಿಲ್ಲ. ಗೇರು, ಮಳೆಗಾಲದಲ್ಲಿ ಬೆಟ್ಟುಗದ್ದೆಗೆ ಒಂದು ಬೆಳೆ ಭತ್ತ, ಆಮೇಲೆ ಸ್ವಲ್ಪ ಉದ್ದು, ಹುರುಳಿ. ಉಳಿದ ದಿನಗಳಲ್ಲಿ ಕೈ ಸುಮ್ಮನಿರುವುದಿಲ್ಲ. ಪಿಕ್ಕಾಸಿಗೆ ಹಿಡಿ, ಹಟ್ಟಿಗೆ ಬಾಗಿಲು, ಮಣೆ, ಜೇನುಪೆಟ್ಟಿಗೆ ಎಂದು ಮನೆಯ ಚಾವಡಿಯ ಪಕ್ಕ ಚಾಪಡಿ ಹಾಕಿಕೊಂಡು ಏನಾದರೊಂದು ಮಾಡುತ್ತಿರುತ್ತೇನೆ. ನನ್ನ ಹಾಗೆ ಮಾಡುವವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಆಚಾರಿಗಳು ಸಿಗುವುದು ಕಷ್ಟ, ಸಿಕ್ಕಿದರೂ ಸಣ್ಣ ಕೆಲಸಕ್ಕೆ ಬರಲಿಕ್ಕಿಲ್ಲ. ಹಂಚಿನ ಮನೆ ಬಿಚ್ಚಿ ಟೆರೇಸು ಹಾಕಿದವರ ಅಂಗಳದಲ್ಲಿ ಹಳೆಯ ಪಕ್ಕಾಸು, ರೀಪು ರಾಶಿ ಬಿದ್ದಿರುತ್ತದೆ. ಒಂದು ಕಟ್ಟರು, ಒಂದು ಹತ್ರಿ ಮಿಶನು, ಒಂದು ಗ್ರೈಂಡರು ಇದ್ದರೆ ಅದೆಲ್ಲ ಉಪಯೋಗಕ್ಕೆ ಬರುತ್ತದೆ.

ತೊಂದರೆ ಎಂತದ್ದೆಂದರೆ, ನಮಗೆ ಈ ಯಂತ್ರ ಯಾರೂ ಕಲಿಸಿದ್ದಲ್ಲ. ಅಂಗಡಿಯವ ಪ್ಲಗ್ ಹಾಕಿ 'ಜುಂಯ್' ಎನಿಸಿ ತೋರಿಸಿ ಕೊಡುತ್ತಾನೆ, ಅಷ್ಟೆ. ಜೊತೆಗೆ ಬಂದ ಪುಸ್ತಕ ಇಂಗ್ಲಿಷಿನಲ್ಲಿ. ನಾನು ಓದಿದ್ದು ಏಳನೇ ಕ್ಲಾಸು. ಚಿತ್ರ ನೋಡಿ, ಕೆಲಸ ಬಲ್ಲವರ ಹತ್ತಿರ ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮಂಥವರಿಗೆ ಎರಡು ಬೆರಳು ಹೋದರೆ ಹಾಲು ಕರೆಯಲು, ರಬ್ಬರ್ ಟ್ಯಾಪಿಂಗ್ ಮಾಡಲು, ಕಸಿ ಕಟ್ಟಲು ಆಗುವುದಿಲ್ಲ. ಸಂಬಳದ ರಜೆ ಕೊಡುವವರೂ ಯಾರಿಲ್ಲ.

ಮರ ಯಾಕೆ ಒದೆಯುತ್ತದೆ?

ಹಿಂದೆ ದಿಮ್ಮಿಯನ್ನು ಮೇಲೊಬ್ಬ ಕೆಳಗೊಬ್ಬ ನಿಂತು ಉದ್ದ ಗರಗಸದಲ್ಲಿ ಕೊಯ್ಯುತ್ತಿದ್ದರು. ನೋಡಿದವರಿಗೆ ನೆನಪಿರಬಹುದು, ನಾಲ್ಕಡಿ ಕೊಯ್ದ ಕೂಡಲೇ ಸೀಳಿಗೆ ಒಂದು ಬೆಣೆ ಹೊಡೆಯುತ್ತಿದ್ದರು. ಯಾಕೆಂದರೆ ಮರದ ಒಳಗೆ ಬಿಗುಪು ಇರುತ್ತದೆ. ಕೊಯ್ದಾಗ ಅದು ಬಿಡುಗಡೆಯಾಗಿ ಕೆಲವು ಹಲಗೆ ಅಗಲಕ್ಕೆ ಬಿರಿಯುತ್ತದೆ, ಕೆಲವು ಒಳಕ್ಕೆ ಕೂಡಿಕೊಂಡು ಗರಗಸವನ್ನು ಕಚ್ಚುತ್ತದೆ. ಅಕೇಶಿಯಾದಂಥ ಬೇಗ ಬೆಳೆದ ಮರದಲ್ಲಿ, ಸರಿಯಾಗಿ ಒಣಗದ ಹಲಸಿನಲ್ಲಿ ಇದು ಜಾಸ್ತಿ. ಕೈಗರಗಸ ಕಚ್ಚಿಕೊಂಡರೆ ಬೈದು ಎಳೆದು ತೆಗೆದರೆ ಮುಗಿಯಿತು. ಕರೆಂಟಿನ ಗರಗಸ ಕಚ್ಚಿಕೊಂಡರೆ ಕಥೆಯೇ ಬೇರೆ.

ಟೇಬಲ್ ಮೇಲೆ ತಿರುಗುವ ಬ್ಲೇಡನ್ನು ಮನಸ್ಸಿನಲ್ಲಿ ತಂದುಕೊಳ್ಳಿ. ನಮ್ಮ ಎದುರಿನ ಹಲ್ಲು ಮೇಲಿನಿಂದ ಕೆಳಕ್ಕೆ ಬರುತ್ತದೆ, ಮರವನ್ನು ಟೇಬಲಿಗೆ ಒತ್ತುತ್ತದೆ. ಅದರಿಂದ ಅಪಾಯ ಕಡಿಮೆ. ಹಿಂದಿನ ಬದಿಯ ಹಲ್ಲು ಕೆಳಗಿನಿಂದ ಮೇಲಕ್ಕೆ ಬಂದು ನಮ್ಮ ಕಡೆಗೇ ತಿರುಗುತ್ತದೆ. ಸೀಳು ಕೂಡಿಕೊಂಡು ಮರ ಆ ಹಿಂದಿನ ಹಲ್ಲಿಗೆ ತಾಗಿದರೆ, ಬ್ಲೇಡು ಅದನ್ನು ಎತ್ತಿ ನಮ್ಮ ಹೊಟ್ಟೆ, ಎದೆಗೆ ಎಸೆಯುತ್ತದೆ. ಏಳೂಕಾಲು ಇಂಚಿನ ಬ್ಲೇಡು ನಿಮಿಷಕ್ಕೆ 5,000 ಸುತ್ತು ತಿರುಗಿದರೆ ಹಲ್ಲಿನ ತುದಿಯ ವೇಗ ಗಂಟೆಗೆ 170 ಕಿ.ಮೀ. ದಾಟುತ್ತದೆ. ಮರ ಹಾರುವಾಗ ಅದನ್ನು ದೂಡುತ್ತಿದ್ದ ಕೈಗೆ ಆಧಾರ ತಪ್ಪುತ್ತದೆ, ಕೈ ಬ್ಲೇಡಿಗೆ ಬೀಳುತ್ತದೆ. 'ಕೈ ಹೇಗೆ ಹೋಯಿತೆಂದೇ ಗೊತ್ತಾಗಲಿಲ್ಲ' ಎಂದು ಪೆಟ್ಟಾದವರು ಹೇಳುವುದು ಇದಕ್ಕೇ.

ಕಂಪೆನಿಯ ಟೇಬಲ್ ಗರಗಸಗಳಲ್ಲಿ ಬ್ಲೇಡಿನ ಬೆನ್ನಿಗೆ ಒಂದು ತಗಡು ನಿಂತಿರುತ್ತದೆ. ಅದು ಬೇರೇನಲ್ಲ, ಹಳೆಯ ಬೆಣೆಯೇ! ಮರ ಬ್ಲೇಡು ದಾಟಿದ ಕೂಡಲೇ ಸೀಳಿನೊಳಗೆ ಈ ತಗಡು ಬರುತ್ತದೆ, ಸೀಳು ಕೂಡಿಕೊಳ್ಳಲು ಬಿಡುವುದಿಲ್ಲ. ಅದು ಬ್ಲೇಡಿನ ತಗಡಿಗಿಂತ ತುಸು ದಪ್ಪ, ಹಲ್ಲಿನ ಅಗಲಕ್ಕಿಂತ ತುಸು ತೆಳು ಇರಬೇಕು. ನಮ್ಮಲ್ಲಿ ಹೆಚ್ಚಿನವರು ಮಾಡುವುದೇನೆಂದರೆ, ಕೈಯಲ್ಲಿ ಹಿಡಿಯುವ ಗರಗಸವನ್ನೇ ಪ್ಲೈವುಡ್ಡಿನ ಅಡಿಗೆ ತಲೆಕೆಳಗಾಗಿ ಬಿಗಿದು 'ಟೇಬಲ್ ಕಟ್ಟರ್' ಮಾಡಿಕೊಳ್ಳುವುದು. ಖರ್ಚು ಕಡಿಮೆ, ಕೆಲಸವೂ ಆಗುತ್ತದೆ, ಸರಿ. ಆದರೆ ಹಾಗೆ ಬಿಗಿಯುವಾಗ ಸ್ಪ್ರಿಂಗಿನ ಕವಚ ಹೋಯಿತು, ಬೆನ್ನಿನ ತಗಡು ಮೊದಲೇ ಇರಲಿಲ್ಲ, ಸ್ವಿಚ್ಚಿಗೆ ಹಗ್ಗ ಸುತ್ತಿ ಯಾವಾಗಲೂ ಆನ್! ಯಂತ್ರಕ್ಕಿದ್ದ ಮೂರೂ ಕಾವಲುಗಳನ್ನು ನಾವೇ ಕಿತ್ತು ಹಾಕಿದ ಹಾಗೆ. ನನ್ನ ಅಭಿಪ್ರಾಯ ಕೇಳಿದರೆ, ಈ ಉಲ್ಟಾ ಟೇಬಲ್ ಬೇಡ. ಆಗಲೇ ಬೇಕು ಎನ್ನುವವರು ಬ್ಲೇಡಿನ ಬೆನ್ನಿಗೆ ಸರಿಯಾದ ನೇರದಲ್ಲಿ ಒಂದು ತಗಡು, ಮೇಲೊಂದು ಕವಚ ವೆಲ್ಡಿಂಗಿನವರಲ್ಲಿ ಮಾಡಿಸದೆ ಸ್ವಿಚ್ ಹಾಕಬೇಡಿ.

ಇನ್ನು ನಿಲ್ಲುವ ಜಾಗ. ಬ್ಲೇಡಿನ ನೇರಕ್ಕೆ ನಿಲ್ಲಬಾರದು, ಒಂದು ಮಗ್ಗುಲಿಗೆ ನಿಲ್ಲಬೇಕು. ಮಕ್ಕಳು, ಚಾ ತಂದವರು ಯಾರೂ ಆ ನೇರದಲ್ಲಿ ಇರಬಾರದು. ಕೊಯ್ಯುವಾಗ ಹಲಗೆಯನ್ನು ಪಕ್ಕದ ಗೈಡಿಗೆ ತಾಗಿಸಿಯೇ ದೂಡಬೇಕು, ಬರಿಗೈಯಲ್ಲಿ ಗೆರೆ ನೋಡಿ ದೂಡಿದರೆ ಹಲಗೆ ಓರೆಯಾಗಿ ಕಚ್ಚುತ್ತದೆ. ಗೈಡು ಬ್ಲೇಡಿಗೆ ಸಮಾನಾಂತರ ಇರಬೇಕು, ಹಿಂದೆ ಕೂದಲೆಳೆಯಷ್ಟು ಅಗಲವಾದರೂ ಅಡ್ಡಿಯಿಲ್ಲ, ಕಿರಿದಾಗಲೇಬಾರದು. ಬ್ಲೇಡಿನ ಹತ್ತಿರ ಒಂದು ಗೇಣಿನ ಒಳಗೆ ಕೈ ಹೋಗುವುದಾದರೆ ದೂಡುವ ಕೋಲು ಬೇಕು. ರೀಪಿನ ತುಂಡಿನ ತುದಿಗೆ ಹಕ್ಕಿಯ ಕೊಕ್ಕಿನ ಹಾಗೆ ಕಚ್ಚು ಮಾಡಿದರೆ ಕೋಲು ತಯಾರು. ನಾನು ಐದಾರು ಮಾಡಿ ತೂಗು ಹಾಕಿದ್ದೇನೆ. ಹುಡುಕಬೇಕಾಗಿ ಬಂದರೆ ಯಾರೂ ಹುಡುಕುವುದಿಲ್ಲ, ಕೈಯನ್ನೇ ಹಾಕುತ್ತಾರೆ.

ಕೈಯಲ್ಲಿ ಹಿಡಿದು ಕೊಯ್ಯುವಾಗಲೂ ಇದೇ ಶಾಸ್ತ್ರ. ಹಲಗೆಯ ಎರಡೂ ತುದಿಗೆ ಆಧಾರ ಕೊಟ್ಟು ನಡುವೆ ಕೊಯ್ದರೆ ಹಲಗೆ ಬಗ್ಗಿ ಸೀಳು ಕೂಡಿಕೊಳ್ಳುತ್ತದೆ, ಯಂತ್ರ ಹಿಂದಕ್ಕೆ ಹಾರುತ್ತದೆ. ಆಧಾರದ ಹೊರಗೆ ಚಾಚಿದ ಭಾಗವನ್ನು ಕೊಯ್ಯಬೇಕು, ತುಂಡಾದದ್ದು ತಾನಾಗಿ ಬೀಳಬೇಕು. ಬ್ಲೇಡು ಹಲಗೆಯ ಅಡಿಯಿಂದ ಕಾಲು ಇಂಚು ಹೊರಗೆ ಕಂಡರೆ ಸಾಕು. ಉದ್ದ ಹಲಗೆಯಾದರೆ ನಡುವೆ ಯಂತ್ರ ನಿಲ್ಲಿಸಿ, ಬ್ಲೇಡು ಪೂರ್ತಿ ನಿಂತ ಮೇಲೆ ಅಡಿಕೆ ಮರದ ಸಲಕೆಯ ಸಣ್ಣ ಬೆಣೆ ಸಿಕ್ಕಿಸಿ ಮುಂದುವರಿಸಿ. ಕೆಳಗಿನ ಸ್ಪ್ರಿಂಗ್ ಕವಚ ಅಡ್ಡ ಬರುತ್ತದೆಂದು ಅದಕ್ಕೆ ಚಕ್ಕೆ ಸಿಕ್ಕಿಸಿ ಎತ್ತಿಡುವವರಿದ್ದಾರೆ. ಅಂಥವರು ಯಂತ್ರವನ್ನು ಕೆಳಗಿಡುವಾಗ ಅವರ ಕಾಲನ್ನು ನೋಡಲು ನನಗೆ ಹೆದರಿಕೆ.

ಗ್ರೈಂಡರಿಗೆ ಮರದ ಬ್ಲೇಡು ಬೇಡವೇ ಬೇಡ

ಕಾರ್ಕಳವೆಂದರೆ ಕಲ್ಲಿನ ಊರು. 1432ರಲ್ಲಿ ಗೊಮ್ಮಟ ನಿಂತ ನೆಲ. ಕಲ್ಲು, ಕಬ್ಬಿಣಕ್ಕೆಂದು ಬಂದ ನಾಲ್ಕಿಂಚಿನ ಗ್ರೈಂಡರು ಈಗ ಮನೆಮನೆಗೆ ಮುಟ್ಟಿದೆ. ಅದಕ್ಕೆ ಹಲ್ಲಿನ ಬ್ಲೇಡು ಸಿಕ್ಕಿಸಿ ಮರ ಕೊಯ್ಯುವುದು ನಾನು ಕಂಡ ಅತಿ ಕೆಟ್ಟ ಅಭ್ಯಾಸ. ಈ ಗ್ರೈಂಡರು ನಿಮಿಷಕ್ಕೆ 11,000 ಸುತ್ತಿನ ಹತ್ತಿರ ತಿರುಗುತ್ತದೆ, ಅಂದರೆ ಹಲ್ಲಿನ ತುದಿ ಗಂಟೆಗೆ 200 ಕಿ.ಮೀ. ವೇಗದಲ್ಲಿ ಇರುತ್ತದೆ. ಕಲ್ಲಿನ ಡಿಸ್ಕಿಗೆ ಹಲ್ಲಿಲ್ಲ, ಅದು ಉಜ್ಜುತ್ತದೆ. ಮರದ ಬ್ಲೇಡು ಕಚ್ಚುತ್ತದೆ. ಗರಗಸಕ್ಕಾದರೆ ಮರದ ಮೇಲೆ ಕೂರುವ ತಟ್ಟೆ ಉಂಟು, ಗ್ರೈಂಡರಿಗೆ ಎಂತದ್ದೂ ಇಲ್ಲ, ಬರೀ ಮಣಿಗಂಟಿನ ಬಲ. ಗಂಟಿಗೆ ಕಚ್ಚಿದ ಕ್ಷಣದಲ್ಲಿ ಅದು ತೊಡೆಗೋ ಕುತ್ತಿಗೆಗೋ ಹಾರುತ್ತದೆ. ನಮ್ಮ ಪಕ್ಕದ ಊರಿನ ಒಬ್ಬ ಹುಡುಗ ಕತ್ತಿಯ ಹಿಡಿಗೆ ಮರ ತುಂಡು ಮಾಡಲು ಹೋಗಿ ಎಡಗೈಯ ಎರಡು ಬೆರಳು ಕಳಕೊಂಡ. ಆ ಹಿಡಿಯನ್ನು ಬಾಚಿಯಲ್ಲಿ ಕೆತ್ತಿದರೆ ಹತ್ತು ನಿಮಿಷದ ಕೆಲಸ!

ಹಿಡಿ ನಯ ಮಾಡಲು ಗ್ರೈಂಡರಿಗೆ ಪಾಲಿಶ್ ಕಾಗದದ ಡಿಸ್ಕು ಹಾಕಬಹುದು, ಕವಚ ತೆಗೆಯದೆ, ಎರಡೂ ಕೈಯಲ್ಲಿ ಹಿಡಿದು. ಯಾವ ಯಂತ್ರಕ್ಕೇ ಆಗಲಿ, ಬ್ಲೇಡಿನ ಮೇಲೆ ಬರೆದ ಗರಿಷ್ಠ ಸುತ್ತು ಯಂತ್ರದ ಸುತ್ತಿಗಿಂತ ಕಡಿಮೆ ಇದ್ದರೆ ಹಾಕಬಾರದು.

ಅಮೆರಿಕದಲ್ಲಿ ಸ್ಟೀವ್ ಗ್ಯಾಸ್ ಎಂಬವರು 1999ರಲ್ಲಿ ಒಂದು ಉಪಾಯ ಕಂಡುಹಿಡಿದರು. ಚರ್ಮ ತಾಗಿದರೆ ಬ್ಲೇಡಿಗೆ ಅದು ಕರೆಂಟಿನ ಮೂಲಕ ಗೊತ್ತಾಗಿ, ಸೆಕೆಂಡಿನ ಇನ್ನೂರನೇ ಒಂದು ಭಾಗದೊಳಗೆ ಬ್ಲೇಡು ನಿಲ್ಲುತ್ತದೆ. ಬೆರಳಿಗೆ ಬರೀ ಗೀರು. ಕೇಳಲು ಚೆಂದ, ಆದರೆ ಅದರ ಕ್ರಯ ನಮ್ಮ ಲೆಕ್ಕಕ್ಕೆ ಹೊಂದುವಂಥದ್ದಲ್ಲ. ನಮಗೆ ದೂಡುವ ಕೋಲೇ ಗತಿ.

ಬೈರಾಸು, ಆಣಿ, ಕರೆಂಟು

ಹೆಗಲ ಮೇಲೆ ಬೈರಾಸು ಹಾಕಿಕೊಂಡು, ಮುಂಡು ಇಳಿಬಿಟ್ಟು ಯಂತ್ರದ ಹತ್ತಿರ ಹೋಗಬಾರದು. ಚಡ್ಡಿ ಅಥವಾ ಪ್ಯಾಂಟು, ಗಿಡ್ಡ ತೋಳಿನ ಅಂಗಿ ಒಳ್ಳೆಯದು. ಕೈಗೆ ಕಟ್ಟಿದ ನೂಲು, ಉಂಗುರ ತೆಗೆದಿಡಿ. ಗರಗಸದ ಎದುರು ಕೈಗವಸು ಕೂಡ ಅಪಾಯ. ಅದರ ನೂಲು ಸಿಕ್ಕಿದರೆ ಬ್ಲೇಡು ಇಡೀ ಕೈಯನ್ನೇ ಎಳೆಯುತ್ತದೆ. ಕಣ್ಣಿಗೆ ಕನ್ನಡಕ ಮಾತ್ರ ಬೇಕೇ ಬೇಕು.

ಹಳೆಯ ಪಕ್ಕಾಸಿನಲ್ಲಿ ತಲೆ ತುಂಡಾದ ಆಣಿಗಳು ಅಡಗಿರುತ್ತವೆ. ಹಲ್ಲು ಆಣಿಗೆ ಬಡಿದರೆ ಅದರ ತುದಿಗೆ ಬೆಸೆದ ಗಟ್ಟಿ ಲೋಹದ ಚೂರು ಗುಂಡಿನ ಹಾಗೆ ಹಾರುತ್ತದೆ. ಹಾಳಾದ ಸ್ಪೀಕರಿನ ಅಯಸ್ಕಾಂತವನ್ನು ನೂಲಿಗೆ ಕಟ್ಟಿ ಮರದ ಉದ್ದಕ್ಕೂ ಆಡಿಸಿದರೆ ಆಣಿ ಇದ್ದಲ್ಲಿ ಅದು ವಾಲುತ್ತದೆ.

ಹತ್ರಿ ಮಿಶನು ಸ್ವಿಚ್ ಬಿಟ್ಟ ಮೇಲೂ ಸ್ವಲ್ಪ ಹೊತ್ತು ತಿರುಗುತ್ತದೆ. ಪೂರ್ತಿ ನಿಲ್ಲುವ ತನಕ ಕೆಳಗಿಡಬೇಡಿ. ಒಂದಡಿಗಿಂತ ಗಿಡ್ಡ ತುಂಡನ್ನು ಅದರಲ್ಲಿ ಕೆರೆಯಲು ಹೋಗಬೇಡಿ.

ನಮ್ಮಲ್ಲಿ ಕರೆಂಟು ಹೋಗುವುದು ಬರುವುದು ಮಾಮೂಲು. ಸ್ವಿಚ್ ಆನ್ ಇದ್ದ ಗರಗಸ ಕರೆಂಟು ಬಂದ ಕೂಡಲೇ ತಾನೇ ತಿರುಗುತ್ತದೆ. ಆಗ ನಿಮ್ಮ ಕೈ ಹೊಟ್ಟು ಗುಡಿಸುತ್ತಿದ್ದರೆ? ಪಂಪಿನ ಸ್ಟಾರ್ಟರು ಕರೆಂಟು ಹೋದಾಗ ತಾನೇ ಬೀಳುತ್ತದಲ್ಲ, ಅಂಥದ್ದೇ ಒಂದು ಸ್ಟಾರ್ಟರನ್ನು ಟೇಬಲಿನ ಕಾಲಿಗೆ, ಮೊಣಕಾಲಲ್ಲಿ ಒತ್ತಿ ನಿಲ್ಲಿಸಲು ಆಗುವಂತೆ ಇಡಿಸಿಕೊಳ್ಳಿ. ಬ್ಲೇಡು ಬದಲಿಸುವಾಗ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕಿತ್ತು ಕಣ್ಣೆದುರು ಇಟ್ಟುಕೊಳ್ಳಬೇಕು. ಮಳೆಗಾಲದಲ್ಲಿ ನೆಲ ಒಸರುತ್ತದೆ, ಕಾಲಡಿಗೆ ಒಣ ಹಲಗೆ ಬೇಕು. ಅರ್ಥಿಂಗ್ ಸರಿ ಇರಬೇಕು. ಶಾಕ್ ಹೊಡೆದಾಗ ಲೈನು ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಲು ಲೈನ್ ಕೆಲಸದವರಿಗೆ ಹೇಳಿ.

ಮರದ ಹುಡಿಯನ್ನು ನಾವು ಲೆಕ್ಕಕ್ಕೇ ಇಡುವುದಿಲ್ಲ. ಅದು ಕ್ಯಾನ್ಸರ್ ತರುವ ವಸ್ತು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಪ್ರಕಟಿಸಿದೆ. ಮೂಗಿನ ಒಳಗೆ ಬರುವ ಕ್ಯಾನ್ಸರ್. ಗಾಳಿಯಾಡುವ ಕಡೆ ಕೆಲಸ ಮಾಡಿ, ಮಾಸ್ಕ್ ಹಾಕಿ. ಬೈರಾಸು ಕಟ್ಟಿದರೆ ನಯವಾದ ಹುಡಿ ನಿಲ್ಲುವುದಿಲ್ಲ.

ಬೆರಳು ಹೋದರೆ

ಕಾಫಿ ಹುಡಿ, ಅರಸಿನ, ಸುಣ್ಣ ಯಾವುದೂ ಹಾಕಬೇಡಿ. ಶುದ್ಧ ಬಟ್ಟೆಯಿಂದ ಗಾಯವನ್ನು ಬಿಗಿಯಾಗಿ ಒತ್ತಿ ಹಿಡಿದು ಕೈ ಎತ್ತಿ ಇಡಿ. ತುಂಡಾದ ಬೆರಳನ್ನು ಹುಡುಕಿ, ಶುದ್ಧ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ತೊಟ್ಟೆಗೆ ಹಾಕಿ ಬಾಯಿ ಬಿಗಿಯಾಗಿ ಕಟ್ಟಿ. ಆ ತೊಟ್ಟೆಯನ್ನು ಐಸು ಮತ್ತು ನೀರಿರುವ ಇನ್ನೊಂದು ತೊಟ್ಟೆಯೊಳಗೆ ಇಡಿ. ಬೆರಳಿಗೆ ನೇರ ಐಸು ತಾಗಿದರೆ ಅದು ಸತ್ತುಹೋಗುತ್ತದೆ, ಜೋಡಿಸಲು ಬರುವುದಿಲ್ಲ. ತಂಪಾಗಿ ಇಟ್ಟರೆ ಡಾಕ್ಟರಿಗೆ ಕೆಲವು ಗಂಟೆ ಹೆಚ್ಚು ಸಿಗುತ್ತದೆ. ಹಾಗೆಂದು ತಡ ಮಾಡಬಾರದು. 108ಕ್ಕೆ ಫೋನ್ ಮಾಡಿ. ಬರಲು ತಡ ಎಂದರೆ ಸಿಕ್ಕಿದ ಗಾಡಿಯಲ್ಲಿ ಕಾರ್ಕಳಕ್ಕೆ, ಅಲ್ಲಿಂದ ಮಣಿಪಾಲಕ್ಕೋ ಮಂಗಳೂರಿಗೋ. ಬೆರಳು ಜೋಡಿಸುವ ಡಾಕ್ಟರು ಇದ್ದಾರೆಯೇ ಎಂದು ದಾರಿಯಲ್ಲೇ ಫೋನ್ ಮಾಡಿ ಕೇಳಿಸಿದರೆ ಸುಮ್ಮನೆ ಅಲೆಯುವುದು ತಪ್ಪುತ್ತದೆ.

ನಾನು ಚಾಪಡಿಯ ಕಂಬಕ್ಕೆ ಒಂದು ಡಬ್ಬಿ ತೂಗು ಹಾಕಿದ್ದೇನೆ. ಒಗೆದು ಒಣಗಿಸಿದ ಬಟ್ಟೆ, ನಾಲ್ಕು ತೊಟ್ಟೆ, ಒಂದು ಬಾಟ್ಲಿ ಕುದಿಸಿ ಆರಿಸಿದ ನೀರು. ನೀರು ವಾರಕ್ಕೊಮ್ಮೆ ಬದಲಿ. ಮನೆಯಲ್ಲಿ ಫ್ರಿಜ್ಜು ಇಲ್ಲದವರಿಗೆ ಐಸು ದಾರಿಯ ಮೀನಿನ ಅಂಗಡಿಯಲ್ಲಿ ಸಿಗುತ್ತದೆ.